ಎಲೆ ಒಂದೇ, ಗೂಡಿನ ಬಣ್ಣ ಬೇರೆ

(ಶಿಡ್ಲಘಟ್ಟದಲ್ಲಿ ನಿವೃತ್ತರ ಒಂದು ಕೂಟದಲ್ಲಿ ಆಡಿದ ಮಾತುಗಳಿವು. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ಬರೆಯುವಾಗ ಬಿಟ್ಟಿದ್ದೇನೆ. ಕೊನೆಗೆ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದವರು, "ಮೇಷ್ಟ್ರೇ, ವಯಸ್ಸಾದ ಮೇಲೆ ಆರೋಗ್ಯ ಅಂತ ಏನಾದ್ರೂ ಮಾತಾಡಿ" ಅಂದರು. ಬೆಳಿಗ್ಗೆ ನಡೀರಿ, ಉಪ್ಪು ಕಡಿಮೆ ಮಾಡಿ ಅಂತ ಶುರು ಮಾಡಿದರೆ ನೀವು ಎದ್ದು ಹೋಗುತ್ತೀರಿ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಬೇರೆ ವಿಷಯ ಹಿಡಿದು ಬಂದಿದ್ದೇನೆ.

ಮೊನ್ನೆ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರು ಜೇಬಿನಿಂದ ಒಂದು ಡಬ್ಬಿ ತೆಗೆದರು. ಕ್ವೆರ್ಸೆಟಿನ್ ಅಂತ ಗಿಡಗಳಲ್ಲಿರುವ ಒಂದು ವಸ್ತುವಿನ ಕ್ಯಾಪ್ಸೂಲ್, 500 ಮಿಲಿಗ್ರಾಂ. ಮಗ ಹೊರದೇಶದಿಂದ ತಂದುಕೊಟ್ಟದ್ದು. "ಮುಪ್ಪು ನಿಧಾನ ಆಗುತ್ತಂತೆ" ಅಂದರು. ನಾನು ಸುಮ್ನೆ ಇರಬೇಕಿತ್ತು. ಇರಲಿಲ್ಲ. "500 ನುಂಗಿದ್ರಿ ಸರಿ, ಅದರಲ್ಲಿ ಒಳಗೆ ಹೋಗೋದು ಎಷ್ಟು?" ಅಂತ ಕೇಳಿದೆ. "ನೋಡ್ತಿದ್ದೀರಲ್ಲ, ಪೂರ್ತಿ ಒಳಗೇ ಹೋಯ್ತು!" ಅಂದರು.

ನಮ್ಮ ಅಮ್ಮಂದಿರು ಇದಕ್ಕೆ ಒಳ್ಳೆಯ ಮಾತು ಇಟ್ಟಿದ್ದರು. "ಎಷ್ಟು ತಿಂದರೂ ಮಗುವಿಗೆ ಮೈಗೆ ಹತ್ತುತ್ತಿಲ್ಲ" ಅನ್ನುತ್ತಿದ್ದರು. ಹೊಟ್ಟೆಗೆ ಹೋಗುವುದು ಬೇರೆ, ಮೈಗೆ ಹತ್ತುವುದು ಬೇರೆ. ಇವತ್ತಿನ ಮಾತೆಲ್ಲ ಇಷ್ಟರ ಬಗ್ಗೆಯೇ.

ಇದನ್ನು ಶಿಡ್ಲಘಟ್ಟದಲ್ಲಿ ವಿವರಿಸುವುದು ಸುಲಭ. ಇಲ್ಲಿ ಅರ್ಧ ಜನ ರೇಷ್ಮೆ ಹುಳು ಸಾಕಿದವರು, ಇನ್ನರ್ಧ ಜನ ಗೂಡು ಕೊಂಡವರು. ಬೈವೋಲ್ಟೀನ್ ತಳಿಯ ಹುಳಕ್ಕೆ ಹಾಕುವುದೂ ಹಿಪ್ಪುನೇರಳೆ ಸೊಪ್ಪೇ, ಹಳೆಯ ಮೈಸೂರು ತಳಿಗೆ ಹಾಕುವುದೂ ಅದೇ ಸೊಪ್ಪು. ಆದರೆ ಒಂದು ಕಟ್ಟುವುದು ಬಿಳಿ ಗೂಡು. ಇನ್ನೊಂದರ ಗೂಡು ಹಸಿರು ಛಾಯೆಯ ಹಳದಿ. ಯಾಕೆ? ಗೂಡಿನ ಹಳದಿ ಬಣ್ಣ ಬಹುಪಾಲು ಕ್ಯಾರೊಟಿನಾಯ್ಡ್ ಎಂಬ ವಸ್ತುವಿನದು. ಹಸಿರು ಮಾತ್ರ ಫ್ಲೇವನಾಯ್ಡ್ ಎಂಬ ಇನ್ನೊಂದು ಬಳಗದ್ದು, ಕ್ವೆರ್ಸೆಟಿನ್ ಆ ಬಳಗದಲ್ಲೊಂದು. ಹಿಪ್ಪುನೇರಳೆ ಎಲೆಯಲ್ಲಿ ನಮ್ಮ ಮದುವೆ ಮನೆಯ ಆ ಕ್ವೆರ್ಸೆಟಿನ್ನೇ ಇದೆ, ಸಕ್ಕರೆ ಅಂಟಿಸಿಕೊಂಡ ರೂಪದಲ್ಲಿ. ಹಸಿರು ಗೂಡು ಕಟ್ಟುವ ತಳಿಯ ಹುಳು ಅದನ್ನು ಕರುಳಿನಿಂದ ಹೀರಿ, ತನ್ನದೇ ರೀತಿಯಲ್ಲಿ ಮತ್ತೆ ಸಕ್ಕರೆ ಅಂಟಿಸಿ, ಕೊನೆಗೆ ನೂಲಿಗೆ ಬಣ್ಣ ಹಚ್ಚುತ್ತದೆ. ಆ ಸಕ್ಕರೆ ಅಂಟಿಸುವ ಕಿಣ್ವದ ಜೀನ್ ಯಾವುದು ಅಂತ 2010ರಲ್ಲಿ ಜಪಾನಿನ ಸಂಶೋಧಕರು ಪತ್ತೆ ಮಾಡಿದರು. ಆ ಬಣ್ಣ ಒಳಗಿನ ಹುಳಕ್ಕೆ ಬಿಸಿಲಿನ ಅತಿನೇರಳೆ ಕಿರಣದಿಂದ ಮರೆಯನ್ನೂ ಕೊಡುತ್ತದೆ ಅಂತ ತೋರಿಸಿದರು. ಬಿಳಿ ಗೂಡಿನ ಹುಳುವಿನಲ್ಲಿ ಅದೇ ವಸ್ತು ನೂಲಿನವರೆಗೆ ಬರುವುದಿಲ್ಲ. ಎಲೆ ಒಂದೇ, ತಿಂದ ಜೀವ ಬೇರೆ, ಗೂಡಿನ ಬಣ್ಣವೂ ಬೇರೆ.

ನಾವೂ ಆ ಹುಳುಗಳ ಹಾಗೆಯೇ. ಡಬ್ಬಿ ಮೇಲಿನ 500 ಅನ್ನುವುದು ಸೊಪ್ಪಿನ ತೂಕ ಅಷ್ಟೇ, ಗೂಡಿನ ತೂಕ ಅಲ್ಲ.

ಫ್ಲೇವನಾಯ್ಡ್ ಅಂದರೆ ಗಿಡಗಳು ತಮಗಾಗಿ ತಯಾರಿಸಿಕೊಳ್ಳುವ ಬಣ್ಣ, ಒಗರು, ಕಹಿಯ ವಸ್ತುಗಳ ಒಂದು ದೊಡ್ಡ ಬಳಗ. ಈರುಳ್ಳಿ, ನುಗ್ಗೆಸೊಪ್ಪು, ಟೀ, ಕೋಕೋ, ದ್ರಾಕ್ಷಿ ಸಿಪ್ಪೆ, ರಾಗಿಯ ಮೇಲ್ಪದರ, ಕಿತ್ತಳೆ ತೊಳೆಯ ಬಿಳಿ ನಾರು, ಎಲ್ಲದರಲ್ಲೂ ಇವೆ. ಹಂಗೆರಿಯ ಸೆಂಟ್-ಗ್ಯೋರ್ಗಿ ಗೊತ್ತಲ್ಲ, ವಿಟಮಿನ್ ಸಿ ಕೆಲಸಕ್ಕೆ 1937ರಲ್ಲಿ ನೊಬೆಲ್ ಪಡೆದವರು, ಅವರು 1936ರಲ್ಲಿ ಇವುಗಳಿಗೆ ವಿಟಮಿನ್ ಪಿ ಅಂತ ಹೆಸರಿಟ್ಟರು. ಹೆಸರು ಉಳಿಯಲಿಲ್ಲ. ಇವು ತಪ್ಪಿದರೆ ಇಂಥದೇ ರೋಗ ಬರುತ್ತದೆ ಅಂತ ತೋರಿಸಲು ಆಗಲಿಲ್ಲ. ಅಂದರೆ ಇವು ವಿಟಮಿನ್ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ. "ನಿಮ್ಮ ಮೈಯಲ್ಲಿ ಫ್ಲೇವನಾಯ್ಡ್ ಕೊರತೆ ಇದೆ" ಅಂತ ಯಾರಾದರೂ ಮಾರಲು ಬಂದರೆ ಉಪಯೋಗಕ್ಕೆ ಬರುತ್ತದೆ.

ಈಗ ಕರುಳಿಗೆ ಇಳಿಯೋಣ.

ನೆದರ್ಲೆಂಡ್ಸ್‌ನಲ್ಲಿ 1995ರಲ್ಲಿ ಒಂದು ಚೆಂದದ ಪ್ರಯೋಗ ಪ್ರಕಟವಾಯಿತು. ದೊಡ್ಡ ಕರುಳು ತೆಗೆಸಿಕೊಂಡು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಚೀಲಕ್ಕೆ ಜೋಡಿಸಿಕೊಂಡು ಆರೋಗ್ಯವಾಗಿದ್ದ 9 ಜನರನ್ನು ಆರಿಸಿಕೊಂಡರು. ಅವರಿಗೆ ಒಂದು ದಿನ ಹುರಿದ ಈರುಳ್ಳಿ, ಇನ್ನೊಂದು ದಿನ ಬರೀ ಕ್ವೆರ್ಸೆಟಿನ್, ಮತ್ತೊಂದು ದಿನ ರುಟಿನ್, ಅಂದರೆ ಜೋಡಿ ಸಕ್ಕರೆ ಅಂಟಿದ ಕ್ವೆರ್ಸೆಟಿನ್, ಕೊಟ್ಟರು. ಚೀಲಕ್ಕೆ ಬಂದದ್ದನ್ನು ಅಳೆದು, ಬಾರದೆ ಉಳಿದದ್ದು ಒಳಗೆ ಹೀರಿತು ಅಂತ ಲೆಕ್ಕ ಹಾಕಿದರು. ಈರುಳ್ಳಿಯಿಂದ 52 ಶೇಕಡಾ ಹೀರಿತ್ತು. ಶುದ್ಧ ಕ್ವೆರ್ಸೆಟಿನ್‌ನಿಂದ 24. ರುಟಿನ್‌ನಿಂದ 17.

ನಾನು ಪಾಠ ಹೇಳುವಾಗ ಈ ಮೂರು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಸುಮ್ಮನೆ ನಿಲ್ಲುತ್ತಿದ್ದೆ. ಯಾಕೆಂದರೆ ಅಲ್ಲಿಯವರೆಗೆ ಎಲ್ಲರೂ ಉಲ್ಟಾ ತಿಳಿದಿದ್ದರು. ಸಕ್ಕರೆ ಅಂಟಿದ ರೂಪ ಒಳಗೆ ಹೋಗುವುದಿಲ್ಲ, ಬರೀ ವಸ್ತುವೇ ಸಲೀಸಾಗಿ ಹೋಗುತ್ತದೆ ಅಂತ ನಂಬಿದ್ದರು. ನಿಜ ಏನೆಂದರೆ ಬರೀ ಕ್ವೆರ್ಸೆಟಿನ್ ನೀರಿಗೆ ಕರಗುವುದೇ ಇಲ್ಲ ಅನ್ನಬಹುದು. ಹಾಲಿಲ್ಲದ ಲೋಟಕ್ಕೆ ಅರಿಶಿನ ಹಾಕಿದಂತೆ ತಳಕ್ಕೆ ಕೂರುತ್ತದೆ. ಈರುಳ್ಳಿಯಲ್ಲಿ ಅದಕ್ಕೆ ಗ್ಲೂಕೋಸ್ ಅಂಟಿಕೊಂಡಿರುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಹಾಲಿನ ಸಕ್ಕರೆ ಒಡೆಯುವ ಕಿಣ್ವ ಇದೆಯಲ್ಲ, ಅದೇ ಕಿಣ್ವ ಈ ಗ್ಲೂಕೋಸನ್ನೂ ಗೋಡೆಯ ಬಾಗಿಲಲ್ಲೇ ಕತ್ತರಿಸುತ್ತದೆ. ಬಾಗಿಲಲ್ಲೇ ಕತ್ತರಿಸಿದ್ದರಿಂದ ಕ್ವೆರ್ಸೆಟಿನ್ ಅಲ್ಲೇ ಒಳಗೆ ನುಸುಳುತ್ತದೆ. ರುಟಿನ್‌ಗೆ ಅಂಟಿರುವುದು ಜೋಡಿ ಸಕ್ಕರೆ. ಆ ಕತ್ತರಿಗೆ ಅದು ಸಿಗುವುದಿಲ್ಲ. ಹಾಗಾಗಿ ಅದು ದೊಡ್ಡ ಕರುಳಿನವರೆಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಬಿಡಿಸಿಕೊಳ್ಳಬೇಕು. ಅದೇ ತಂಡ ಆಮೇಲೆ ರಕ್ತದಲ್ಲಿ ನೋಡಿತು. ಈರುಳ್ಳಿ ತಿಂದ ಮೇಲೆ ಒಂದು ಗಂಟೆಯೊಳಗೆ ಮಟ್ಟ ತುದಿಗೇರಿತ್ತು. ರುಟಿನ್‌ಗೆ ಸುಮಾರು 9 ಗಂಟೆ ಹಿಡಿಯಿತು.

ಅದೇ ಹೆಸರಿನ ವಸ್ತು, ಅಂಟಿದ ಸಕ್ಕರೆ ಬೇರೆ, ಅಷ್ಟಕ್ಕೇ ಇಷ್ಟು ವ್ಯತ್ಯಾಸ. ಡಬ್ಬಿಯ ಮೇಲೆ 'ಸಸ್ಯಮೂಲ ಫ್ಲೇವನಾಯ್ಡ್' ಅಂತ ಮಾತ್ರ ಇದ್ದರೆ ಏನೂ ಹೇಳಿದಂತಾಗಲಿಲ್ಲ.

ಈರುಳ್ಳಿ ಮಾತು ಬಂತು, ಒಂದು ನಿಮಿಷ ಇಲ್ಲೇ ನಿಲ್ಲುತ್ತೇನೆ. ನಮ್ಮ ಕಡೆಯ ಗುಲಾಬಿ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಅದರಲ್ಲಿ ಬಹುಪಾಲು ಹಡಗು ಹತ್ತಿ ಮಲೇಷ್ಯಾ, ಸಿಂಗಪುರ ಸೇರುತ್ತದೆ, ನಾವು ದೊಡ್ಡ ಈರುಳ್ಳಿ ತಿನ್ನುತ್ತೇವೆ. ಹೋಗಲಿ. ಯಾವ ಈರುಳ್ಳಿಯಾದರೂ ಕ್ವೆರ್ಸೆಟಿನ್ ಜಾಸ್ತಿ ಇರುವುದು ಹೊರಗಿನ ಪದರಗಳಲ್ಲಿ. ಒಣಸಿಪ್ಪೆಯ ಜೊತೆ ಎರಡು ಹಸಿ ಪದರವನ್ನೂ ಕಿತ್ತು ಬಿಸಾಕುವ ಅಭ್ಯಾಸ ನಮ್ಮ ಮನೆಯಲ್ಲೂ ಇತ್ತು. ಈಗ ನಾನೇ ಹೆಚ್ಚುವುದರಿಂದ ನಿಂತಿದೆ. ಎಣ್ಣೆಯಲ್ಲಿ ಬಾಡಿಸಿದರೆ ನಷ್ಟ ಕಡಿಮೆ. ನೀರಿನಲ್ಲಿ ಬೇಯಿಸಿದರೆ ಒಂದಷ್ಟು ನೀರಿಗೆ ಇಳಿಯುತ್ತದೆ.

ನೀರಿಗೆ ಇಳಿದರೆ ಹಾಳಾಯಿತು ಅಂತ ಎಲ್ಲೆಲ್ಲೋ ಬರೆಯುತ್ತಾರೆ. ಬರೆದವರಿಗೆ ಬಸ್ಸಾರು ಗೊತ್ತಿಲ್ಲ. ನಾವು ಬೆರಕೆ ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತೇವೆ, ಆದರೆ ಚೆಲ್ಲುವುದಿಲ್ಲ. ಅದೇ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಬಸಿದ ಸೊಪ್ಪು ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ನೀರಿಗೆ ಇಳಿದದ್ದು ಮುದ್ದೆ ಜೊತೆ ವಾಪಸ್ ಬಂತು. ಕೊಬ್ಬಿನ ಜೊತೆ ಕೊಟ್ಟರೆ ಕ್ವೆರ್ಸೆಟಿನ್ ಹೆಚ್ಚು ಹೀರುತ್ತದೆ ಅಂತ 2013ರಲ್ಲಿ ಒಂದು ಅಧ್ಯಯನ ತೋರಿಸಿತು. ಒಗ್ಗರಣೆಯ ಎಣ್ಣೆ, ಮೇಲೆ ಉದುರಿಸಿದ ಕಾಯಿತುರಿ, ಆ ಕೆಲಸವೂ ಆಯಿತು. ನಮ್ಮ ಅಜ್ಜಿಯರು ವಿಜ್ಞಾನ ತಿಳಿದು ಇದನ್ನು ಮಾಡಿದರು ಅಂತ ನಾನು ಹೇಳುವುದಿಲ್ಲ. ಆ ಥರದ ಮಾತು ನನಗೆ ಹಿಡಿಸುವುದಿಲ್ಲ. ಬಡತನದಲ್ಲಿ ಏನನ್ನೂ ಚೆಲ್ಲಬಾರದು ಅಂತ ಮಾಡಿದರು. ಲಾಭ ನಮಗೆ ಬಂತು.

ಕರುಳಿನ ಬಾಗಿಲು ದಾಟಿದರೆ ಮುಗಿಯಿತೇ? ಇಲ್ಲ. ಅಸಲಿ ಚೆಕ್‌ಪೋಸ್ಟ್ ಮುಂದಿದೆ. ಕರುಳಿನ ಗೋಡೆಯ ಕೋಶಗಳು ಮತ್ತು ಯಕೃತ್ತು ಇವನ್ನು ಹೊರಗಿನ ವಸ್ತು ಅಂತ ಗುರುತಿಸಿ, ಬೇಗ ಸಾಗಹಾಕಲು ಗ್ಲುಕುರೊನಿಕ್ ಆಮ್ಲದ ಅಥವಾ ಸಲ್ಫೇಟಿನ ಚೀಟಿ ಅಂಟಿಸುತ್ತವೆ. ಒಂದಷ್ಟನ್ನು ಗೋಡೆಯ ಪಂಪುಗಳು ಮತ್ತೆ ಕರುಳಿಗೇ ಎತ್ತಿ ಹಾಕುತ್ತವೆ. ರಕ್ತದಲ್ಲಿ ಓಡಾಡುವುದು ಬಹುಪಾಲು ಈ ಚೀಟಿ ಅಂಟಿದ ರೂಪವೇ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಮುಪ್ಪಿನ ಕೋಶಗಳನ್ನು ಕೊಂದ ಶುದ್ಧ ಕ್ವೆರ್ಸೆಟಿನ್ ನಿಮ್ಮ ಮೊಣಕಾಲಿನವರೆಗೆ ಹಾಗೇ ಶುದ್ಧವಾಗಿ ಹೋಗುವುದಿಲ್ಲ.

ಉಳಿದದ್ದು ದೊಡ್ಡ ಕರುಳಿಗೆ ಬಂತಲ್ಲ, ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಚೂರು ಮಾಡುತ್ತವೆ. ಆ ಚೂರುಗಳೂ ರಕ್ತಕ್ಕೆ ಹೋಗುತ್ತವೆ. ನಮ್ಮ ಜಿಲ್ಲೆಯ ಬೆಂಗಳೂರು ಬ್ಲೂ ದ್ರಾಕ್ಷಿಯ ಕಪ್ಪು ನೀಲಿ ಬಣ್ಣ ಆಂಥೋಸಯನಿನ್‌ನದು. ಅದು ನೂರರಲ್ಲಿ ಒಂದು ಪಾಲೂ ಮೈಗೆ ಹತ್ತುವುದಿಲ್ಲ ಅಂತ ಬಹಳ ಕಾಲ ಹೇಳುತ್ತಿದ್ದರು. 2013ರಲ್ಲಿ ಗುರುತು ಹಾಕಿದ ಇಂಗಾಲ ಇಟ್ಟು 8 ಜನರಲ್ಲಿ ಹುಡುಕಿದಾಗ, ಚೂರುಗಳನ್ನೂ ಸೇರಿಸಿದರೆ ಸುಮಾರು 12 ಶೇಕಡಾ ಲೆಕ್ಕ ಸಿಕ್ಕಿತು. ಈ ಬ್ಯಾಕ್ಟೀರಿಯಾ ಬಳಗ ಒಬ್ಬೊಬ್ಬರಲ್ಲಿ ಒಂದೊಂದು ಥರ. ಸೋಯಾದಲ್ಲಿರುವ ಒಂದು ಫ್ಲೇವನಾಯ್ಡನ್ನು ಈಕ್ವಾಲ್ ಎಂಬ ಚುರುಕು ವಸ್ತುವಾಗಿ ಬದಲಿಸುವ ಬ್ಯಾಕ್ಟೀರಿಯಾ ಕೆಲವರ ಕರುಳಲ್ಲಿ ಇವೆ, ಕೆಲವರಲ್ಲಿ ಇಲ್ಲವೇ ಇಲ್ಲ. ಮತ್ತೆ ಹಸಿರು ಗೂಡು, ಬಿಳಿ ಗೂಡು.

ಕಂಪನಿಯವರಿಗೆ ಇದೆಲ್ಲ ಗೊತ್ತು. ಅದಕ್ಕೇ ಹಲವು ಉಪಾಯ ಹೂಡಿದ್ದಾರೆ, ಕೆಲವು ನಿಜವಾಗಿಯೂ ಜಾಣತನದವು. ಒಂದು, ಲೆಸಿಥಿನ್ ಜೊತೆ ಕಟ್ಟುವುದು. ಲೆಸಿಥಿನ್ ಅಂದರೆ ಸೋಯಾ, ಸೂರ್ಯಕಾಂತಿಗಳಿಂದ ಬರುವ, ನೀರಿಗೂ ಎಣ್ಣೆಗೂ ಒಗ್ಗುವ ಕೊಬ್ಬು. ಹೀಗೆ ಕಟ್ಟಿದ ಕ್ವೆರ್ಸೆಟಿನ್‌ನಿಂದ ರಕ್ತದ ಮಟ್ಟ 20 ಪಟ್ಟಿನವರೆಗೆ ಏರಿತು ಅಂತ 2019ರಲ್ಲಿ 12 ಜನರ ಅಧ್ಯಯನ ಹೇಳಿತು. ಇನ್ನೊಂದು ನಮ್ಮ ಮೆಂತ್ಯ. ನೆನೆಸಿದ ಮೆಂತ್ಯದ ಲೋಳೆ ಇದೆಯಲ್ಲ, ಆ ನಾರಿನ ಬಲೆಯೊಳಗೆ ಫಿಸೆಟಿನ್ ಎಂಬ ಫ್ಲೇವನಾಯ್ಡನ್ನು ಕೂರಿಸಿ ಕೊಟ್ಟಾಗ ರಕ್ತದಲ್ಲಿ 25 ಪಟ್ಟು ಮೀರಿ ಸಿಕ್ಕಿತು ಅಂತ 2022ರಲ್ಲಿ ಪ್ರಕಟವಾಗಿದೆ. ತೀರಾ ಸಣ್ಣ ಕಣ ಮಾಡುವುದು, ಎಣ್ಣೆಯ ಹನಿಯಲ್ಲಿ ಕರಗಿಸುವುದು, ಹೀಗೆ ಇನ್ನೂ ಇವೆ. ಅವನ್ನು ಬಿಡುತ್ತೇನೆ, ತತ್ವ ಅದೇ.

ಮೂರನೆಯದನ್ನು ಬಿಡಲಾರೆ, ಯಾಕೆಂದರೆ ಅದು ನಮ್ಮ ಬೆಂಗಳೂರಿನದು. ಕರಿಮೆಣಸು. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ ಬಂದ ಪ್ರಬಂಧ. ಅರಿಶಿನದ ಕರ್ಕ್ಯುಮಿನ್ 2 ಗ್ರಾಂ, ಜೊತೆಗೆ ಮೆಣಸಿನ ಪೈಪರಿನ್ 20 ಮಿಲಿಗ್ರಾಂ. ಮನುಷ್ಯರಲ್ಲಿ ಲಭ್ಯತೆ, ಅಂದರೆ ರಕ್ತಕ್ಕೆ ಸೇರುವ ಪಾಲು, 2000 ಶೇಕಡಾ ಏರಿತು. ಕರ್ಕ್ಯುಮಿನ್ ಫ್ಲೇವನಾಯ್ಡ್ ಅಲ್ಲ, ಹತ್ತಿರದ ನೆಂಟ. ಆದರೆ ಇಡೀ ಪ್ರಪಂಚದ ಅರಿಶಿನದ ಡಬ್ಬಿಗಳ ಮೇಲೆ ಇವತ್ತಿಗೂ ಇರುವುದು ಈ 2000ವೇ. ಅಂಕಿ ಸುಳ್ಳಲ್ಲ. ಆದರೆ ಬರೀ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಕಂಡದ್ದೇ ಇಲ್ಲವೆನ್ನುವಷ್ಟು. ಎರಡು ಕಾಳನ್ನು 20 ಪಟ್ಟು ಮಾಡಿದರೆ 40 ಕಾಳು, ಒಂದು ಸೇರು ಆಗುವುದಿಲ್ಲ, ಅಲ್ವಾ?

ಮೆಣಸು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮುಖ್ಯ. ಅದು ಕರ್ಕ್ಯುಮಿನ್ ಅನ್ನು ಕರಗಿಸುವುದಿಲ್ಲ. ಚೆಕ್‌ಪೋಸ್ಟಿನವರನ್ನು ಮಲಗಿಸುತ್ತದೆ. ಚೀಟಿ ಅಂಟಿಸುವ ಕಿಣ್ವ, ಎತ್ತಿ ಹಾಕುವ ಪಂಪು, ಔಷಧ ಒಡೆಯುವ ಇನ್ನೊಂದು ಕಿಣ್ವ, ಎಲ್ಲವನ್ನೂ ತಡೆಯುತ್ತದೆ. ಪೊಲೀಸರು ಮಲಗಿದ ಮೇಲೆ ಆ ದಾರಿಯಲ್ಲಿ ಹೋಗುವುದು ನಿಮ್ಮ ಒಂದು ಗಾಡಿ ಮಾತ್ರವೇ?

ನಮ್ಮ ಭಾವನವರು ಚಿಂತಾಮಣಿಯವರು. ಫಿಟ್ಸ್‌ಗೆ ಫೆನಿಟಾಯ್ನ್ ಮಾತ್ರೆ ವರ್ಷಗಳಿಂದ ನುಂಗುತ್ತಿದ್ದರು, ಹತೋಟಿಯಲ್ಲಿತ್ತು. ಮಂಡಿ ನೋವಿಗೆ ಅಂತ ಯಾರೋ ಅರಿಶಿನ ಮೆಣಸಿನ ಕ್ಯಾಪ್ಸೂಲ್ ಕೊಡಿಸಿದರು. ಎರಡು ಮೂರು ವಾರದಲ್ಲಿ ನಡೆಯುವಾಗ ವಾಲಲು ಶುರುವಾಯಿತು. ಮಾತು ತೊದಲಿತು. ಅಕ್ಕ ಹೆದರಿ, ಲಕ್ವ ಹೊಡೆಯಿತು ಅಂತ ಫೋನ್ ಮಾಡಿದಳು. ರಕ್ತ ಪರೀಕ್ಷೆಯಲ್ಲಿ ಫೆನಿಟಾಯ್ನ್ ಮಟ್ಟ ಮಿತಿ ದಾಟಿತ್ತು. ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಇಳಿಯಿತು. ಮೆಣಸೇ ಕಾರಣ ಅಂತ ಒಂದೇ ಪ್ರಸಂಗದಿಂದ ನಾನು ಆಣೆ ಮಾಡಿ ಹೇಳಲಾರೆ. ಆದರೆ ಪೈಪರಿನ್ ಫೆನಿಟಾಯ್ನ್ ಮಟ್ಟ ಏರಿಸುತ್ತದೆ ಅಂತ ನಮ್ಮ ದೇಶದ ಅಧ್ಯಯನಗಳೇ ತೋರಿಸಿವೆ. ಬಿ.ಪಿ.ಗೆ ಕೊಡುವ ಪ್ರೊಪ್ರನೊಲಾಲ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಮಟ್ಟವನ್ನೂ ಏರಿಸುತ್ತದೆ. ನನ್ನದೂ ಒಂದು ತಪ್ಪಿದೆ. ಭಾವ ಆ ಕ್ಯಾಪ್ಸೂಲ್ ಬಗ್ಗೆ ನನಗೆ ಮೊದಲೇ ಹೇಳಿದ್ದರು. ಅಡಿಗೆ ಮನೆ ವಸ್ತು ತಾನೇ ಅಂದುಕೊಂಡು ಹೂಂ ಅಂದಿದ್ದೆ. ಮೂವತ್ತು ವರ್ಷ ಔಷಧಶಾಸ್ತ್ರ ಪಾಠ ಹೇಳಿದವನು! ಸಾರಿಗೆ ಹಾಕುವ ನಾಲ್ಕು ಮೆಣಸಿನ ಕಾಳು ಬೇರೆ, ದಿನಾ ನುಂಗುವ ಸತ್ವ ಬೇರೆ.

ನಮ್ಮ ದಾರಿಯಲ್ಲೇ ಇನ್ನೊಂದು ಉದಾಹರಣೆ ಇದೆ, ದೇವನಹಳ್ಳಿ ಚಕ್ಕೋತ. ಅದರ ಸಂತತಿಯದೇ ಗ್ರೇಪ್‌ಫ್ರೂಟ್, ಚಕ್ಕೋತಕ್ಕೂ ಕಿತ್ತಳೆಗೂ ಹುಟ್ಟಿದ್ದು. ಕೆನಡಾದಲ್ಲಿ ಬಿ.ಪಿ. ಮಾತ್ರೆಯೊಂದನ್ನು ಮದ್ಯದ ಜೊತೆ ಕೊಟ್ಟು ನೋಡುವ ಪ್ರಯೋಗದಲ್ಲಿ, ಆ ಮದ್ಯದ ರುಚಿ ಮರೆಸಲು ಗ್ರೇಪ್‌ಫ್ರೂಟ್ ರಸ ಕೊಟ್ಟರು. ಮಾತ್ರೆಯ ಮಟ್ಟ ರಕ್ತದಲ್ಲಿ ಲೆಕ್ಕಕ್ಕಿಂತ ಎಷ್ಟೋ ಮೇಲೆ ಹೋಯಿತು. 1989ರಲ್ಲಿ ಅದು ವರದಿಯಾಯಿತು. ಕಾರಣ ಫ್ಯೂರನೊಕೂಮರಿನ್ ಎಂಬ ವಸ್ತುಗಳು, ಚಕ್ಕೋತದಲ್ಲೂ ಇವೆ. ಕೊಲೆಸ್ಟರಾಲ್‌ಗೆ ಸ್ಟ್ಯಾಟಿನ್ ನುಂಗುವವರು ಚಕ್ಕೋತದ ಕಾಲದಲ್ಲಿ ಡಾಕ್ಟರನ್ನು ಒಂದು ಮಾತು ಕೇಳಿ.

ಹೆಚ್ಚು ಹೀರಿದಷ್ಟೂ ಒಳ್ಳೆಯದು ಅನ್ನುವ ನಂಬಿಕೆಗೆ ಹಸಿರು ಟೀ ಸತ್ವ ಸರಿಯಾದ ಉತ್ತರ ಕೊಟ್ಟಿದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅದರಲ್ಲಿರುವ ಕೆಟೆಚಿನ್ ಎಂಬ ಫ್ಲೇವನಾಯ್ಡನ್ನು ಮೈ ಹಲವು ಪಟ್ಟು ಹೆಚ್ಚು ಹೀರುತ್ತದೆ. ಯಕೃತ್ತಿಗೆ ಏಟು ಬೀಳುವ ಸಾಧ್ಯತೆಯೂ ಆಗಲೇ ಜಾಸ್ತಿ. ದಿನಕ್ಕೆ 800 ಮಿಲಿಗ್ರಾಂ ಮತ್ತು ಮೇಲೆ ಆ ಕೆಟೆಚಿನ್ ಪೂರಕವಾಗಿ ತೆಗೆದುಕೊಂಡರೆ ಯಕೃತ್ತಿನ ಕಿಣ್ವಗಳು ಏರುತ್ತವೆ ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಕುಡಿಯುವ ಟೀ ಅಲ್ಲ, ಗುಳಿಗೆ. ಅರಿಶಿನದ ಗುಳಿಗೆಗಳಿಂದ ಯಕೃತ್ತು ಕೆಟ್ಟ 10 ಜನರ ವರದಿ ಅಮೆರಿಕದಿಂದ 2022ರಲ್ಲಿ ಬಂತು. ಒಬ್ಬರು ತೀರಿಕೊಂಡರು. 7 ಜನರಲ್ಲಿ ಒಂದು ನಿರ್ದಿಷ್ಟ ಜೀನ್ ಗುರುತು ಇತ್ತು. ಇಲ್ಲೂ ಅಷ್ಟೇ, ತಳಿ ಬೇರೆ.

ಇಷ್ಟೆಲ್ಲ ಹೀರಿಸಿ ಮುಪ್ಪು ನಿಲ್ಲುತ್ತದೆಯೇ? ಇಲಿಗಳಲ್ಲಿ ಫಿಸೆಟಿನ್ ಆಯಸ್ಸು ಹೆಚ್ಚಿಸಿತು ಅಂತ 2018ರಲ್ಲಿ ಸುದ್ದಿಯಾಯಿತು. ಮನುಷ್ಯರಲ್ಲಿ 2019ರ ಮೊದಲ ಪ್ರಯೋಗದಲ್ಲಿ ಇದ್ದವರು 14 ಜನ ಶ್ವಾಸಕೋಶದ ರೋಗಿಗಳು. ಅವರಿಗೆ ಕ್ವೆರ್ಸೆಟಿನ್ ಒಂದೇ ಕೊಡಲಿಲ್ಲ, ಜೊತೆಗೆ ಕ್ಯಾನ್ಸರ್ ಮಾತ್ರೆಯೊಂದನ್ನೂ ಕೊಟ್ಟರು. ಡಬ್ಬಿ ಮಾರುವವರು ಈ ಎರಡನೇ ಅರ್ಧ ಹೇಳುವುದಿಲ್ಲ. ದೊಡ್ಡ ಪರೀಕ್ಷೆ ಅಂದರೆ ಕೋಕೋದ್ದು. ಅರವತ್ತು ದಾಟಿದ 21,442 ಜನ, ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ (ಇದೂ ಫ್ಲೇವನಾಯ್ಡ್ ಬಳಗದ್ದೇ), ಸುಮಾರು ಮೂರೂವರೆ ವರ್ಷ. 2022ರಲ್ಲಿ ಫಲಿತಾಂಶ ಬಂತು. ಹೃದಯದ ಒಟ್ಟು ತೊಂದರೆಗಳು ನಂಬುವಷ್ಟು ಕಡಿಮೆಯಾಗಲಿಲ್ಲ. ಹೃದಯ ರೋಗದ ಸಾವು 27 ಶೇಕಡಾ ಕಡಿಮೆ ಕಂಡಿತು, ಆದರೆ ಅದು ಪ್ರಯೋಗದ ಮುಖ್ಯ ಪ್ರಶ್ನೆ ಆಗಿರಲಿಲ್ಲ. ಆಸೆ ಇಟ್ಟುಕೊಳ್ಳಬಹುದು. ಪಿಂಚಣಿ ಹಣ ಸುರಿಯುವಷ್ಟು ಅಲ್ಲ.

ಇನ್ನು ಪ್ರಶ್ನೆಗಳು.

ಮುಂದಿನ ಸಾಲಿನ ಒಬ್ಬ ತಾಯಿ ಕೇಳಿದರು: "ನಾವು ಈರುಳ್ಳಿ ತಿನ್ನಲ್ಲ. ಏನ್ ಮಾಡೋದು?" ಏನೂ ತೊಂದರೆ ಇಲ್ಲಮ್ಮ. ನುಗ್ಗೆಸೊಪ್ಪಿನಲ್ಲಿ ಕ್ವೆರ್ಸೆಟಿನ್ ಚೆನ್ನಾಗಿದೆ. ಸೇಬನ್ನು ಸಿಪ್ಪೆ ಸಮೇತ ತಿನ್ನಿ, ಚೆನ್ನಾಗಿ ತೊಳೆದು.

"ಹಾಲು ಹಾಕಿದ ಟೀ ಕುಡಿದ್ರೆ ಎಲ್ಲಾ ಹೋಯ್ತಂತೆ?" ಅಂತ ಇನ್ನೊಬ್ಬರು. ಎರಡೂ ಥರ ಫಲಿತಾಂಶ ಬಂದಿವೆ. 2007ರಲ್ಲಿ ಬರ್ಲಿನ್‌ನಲ್ಲಿ 16 ಹೆಂಗಸರಲ್ಲಿ ನೋಡಿದಾಗ, ರಕ್ತನಾಳದ ಮೇಲೆ ಟೀಯ ಪರಿಣಾಮವನ್ನು ಹಾಲು ಅಳಿಸಿತು. ಹೀರುವುದಕ್ಕೆ ಹಾಲು ಅಡ್ಡಿಯಲ್ಲ ಅಂತ ಬೇರೆ ಪ್ರಯೋಗಗಳಿವೆ. ನಾನು ಹಾಲು ಹಾಕಿಯೇ ಕುಡಿಯುತ್ತೇನೆ. ಊಟದ ಜೊತೆ ಮಾತ್ರ ಕುಡಿಯುವುದಿಲ್ಲ, ಸೊಪ್ಪಿನ ಕಬ್ಬಿಣಾಂಶವನ್ನು ಟೀ ಹಿಡಿದುಕೊಳ್ಳುತ್ತದೆ.

ಒಬ್ಬರು ತಮ್ಮ ಡಬ್ಬಿಯನ್ನೇ ತಂದಿದ್ದರು. ತಿರುಗಿಸಿ ನೋಡಿದೆ. ಔಷಧವಾಗಿ ಬಳಸುವಂತಿಲ್ಲ ಅಂತ ಸಣ್ಣಕ್ಷರದಲ್ಲಿ ಇತ್ತು, ಕಾನೂನು ಪ್ರಕಾರ ಇರಲೇಬೇಕು. ಅದರ ಕೆಳಗೆ ಇನ್ನೂ ಸಣ್ಣಕ್ಷರದಲ್ಲಿ ಕರಿಮೆಣಸಿನ ಸತ್ವ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಅಂತ ಕೇಳಿದೆ. ಹೌದು ಅಂದರು. ಆ ಮಾತ್ರೆ ಚೀಟಿ, ಈ ಡಬ್ಬಿ, ಎರಡನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಸೋಮವಾರವೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಅಲ್ಲಿಯವರೆಗೆ ಡಬ್ಬಿ ಮುಚ್ಚಿಡಿ ಅಂದೆ.

ಕೊನೆಗೆ ಹಿಂದಿನ ಸಾಲಿನಿಂದ ಹುಳು ಸಾಕುವ ಒಬ್ಬರು ಎದ್ದರು. "ಮೇಷ್ಟ್ರೇ, ಹಾಗಾದ್ರೆ ಹಿಪ್ಪುನೇರಳೆ ಸೊಪ್ಪನ್ನೇ ಬಸ್ಸಾರು ಮಾಡಿ ಹೊಡೆದ್ರೆ?" ಎಲ್ಲರೂ ನಕ್ಕರು. ಪ್ರಶ್ನೆ ನಗುವಂಥದ್ದಲ್ಲ. ಜಪಾನ್, ಕೊರಿಯಾದಲ್ಲಿ ಆ ಎಲೆಯ ಟೀ ಕುಡಿಯುತ್ತಾರೆ. ಅದರಲ್ಲಿ ಪಿಷ್ಟ ಸಕ್ಕರೆಯಾಗುವುದನ್ನು ನಿಧಾನ ಮಾಡುವ ವಸ್ತುವೂ ಇದೆ. ಅದಕ್ಕೇ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಕೇಳದೆ ಶುರು ಮಾಡಬಾರದು, ತೋಟಕ್ಕೆ ಏನು ಸಿಂಪಡಿಸಿದ್ದೀರಿ ಅನ್ನುವುದೂ ಗೊತ್ತಿರಬೇಕು ಅಂದೆ.

ಪಕ್ಕದಲ್ಲಿದ್ದ ಅವರ ಹೆಂಡತಿ ಕೂತಲ್ಲಿಂದಲೇ ಅಂದರು: "ನಾಲ್ಕನೇ ಜ್ವರ ಎದ್ದು ಪೊರೆ ಕಳಚಿದ ಮೇಲೆ ಹುಳಕ್ಕೇ ಸೊಪ್ಪು ಸಾಲಲ್ಲ ಮೇಷ್ಟ್ರೇ, ಇವರಿಗೆಲ್ಲಿಂದ ಬಸ್ಸಾರು!"